ಪಕ್ಷ ಸೇರದೆ ಪಂಚಾಯತಿ ಕೆಲಸದಲ್ಲಿ ತೊಡಗುವ ಬಗೆ

ಮಾನ್ಯರೇ,

ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಮರಳಿರುವ ತಾವು, ಯಾವ ಪಕ್ಷವನ್ನೂ ಸೇರದೆ ಪಂಚಾಯತಿಯ ಆಗುಹೋಗುಗಳಲ್ಲಿ ಪಾಲ್ಗೊಳ್ಳಲು ಸಾಧ್ಯವೇ ಎಂದು ಕೇಳಿದ್ದೀರಿ. ಖಂಡಿತ ಸಾಧ್ಯ, ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯತಿ ಚುನಾವಣೆಯೇ ಪಕ್ಷದ ಚಿಹ್ನೆಯಿಲ್ಲದೆ ನಡೆಯುತ್ತದೆ (ತೆರೆಮರೆಯಲ್ಲಿ ಪಕ್ಷಗಳು ಇದ್ದೇ ಇರುತ್ತವೆ ಎಂಬುದು ಬೇರೆ ಮಾತು). ಮೊದಲು ನಮೂನೆ 8ರ ಮೂಲಕ ಮತದಾರರ ಪಟ್ಟಿಯಲ್ಲಿರುವ ತಮ್ಮ ಹೆಸರನ್ನು ಊರಿಗೆ ವರ್ಗಾಯಿಸಿಕೊಳ್ಳಿ. ಸಂವಿಧಾನದ 243ನೇ ವಿಧಿಯ ಪ್ರಕಾರ ಗ್ರಾಮದ ಮತದಾರರ ಪಟ್ಟಿಯಲ್ಲಿರುವವರೇ ಗ್ರಾಮಸಭೆಯ ಸದಸ್ಯರು.

1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು. ಆದರೆ ಅದಕ್ಕಿಂತ ಮುಂಚಿನ ವಾರ್ಡ್ ಸಭೆಯೇ ಹೆಚ್ಚು ಮುಖ್ಯವೆಂದು ನನ್ನ ಅಭಿಪ್ರಾಯ, ಏಕೆಂದರೆ ಚರಂಡಿ, ಬೀದಿದೀಪ, ಕುಡಿಯುವ ನೀರಿನ ಬೇಡಿಕೆಗಳೂ ಫಲಾನುಭವಿಗಳ ಹೆಸರುಗಳೂ ಮೊದಲು ಚರ್ಚೆಗೆ ಬರಬೇಕಾದದ್ದು ಅಲ್ಲಿಯೇ, ಮತ್ತು ಅಲ್ಲಿಗೆ ಬಂದು ಕೂರುವವರು ಸಾಮಾನ್ಯವಾಗಿ ಬೆರಳೆಣಿಕೆಯಷ್ಟು. ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಬೇಡಿಕೆಯನ್ನು ಬರೆದು ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ನಡಾವಳಿ ಪುಸ್ತಕದಲ್ಲಿ ಅದು ದಾಖಲಾಯಿತೇ ಎಂದು ಕಣ್ಣಾರೆ ನೋಡಿಕೊಳ್ಳಿ. ನಡಾವಳಿಯ ಪ್ರತಿ ಸಿಗದಿದ್ದರೆ, 2005ರ ಮಾಹಿತಿ ಹಕ್ಕು ಅಧಿನಿಯಮದಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿದಾಗ 30 ದಿನಗಳೊಳಗೆ ಉತ್ತರ ಕೊಡಬೇಕಾಗುತ್ತದೆ. ಚುನಾವಣೆಗೆ ನಿಲ್ಲುವ ಯೋಚನೆಯನ್ನು ಮಾತ್ರ ಸದ್ಯಕ್ಕೆ ಮುಂದೂಡಿ.