‘ಬರ್ತೇನೆ’ ಎಂದು ಹೊರಟ ಅಪ್ಪ: ಒಂದು ಆಪ್ತಸಲಹೆ ಪ್ರಕರಣ

(ಕುಟುಂಬದ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗದಂತೆ ವಯಸ್ಸು, ಊರು, ಹುದ್ದೆ, ಮನೆಯ ವಿವರಗಳನ್ನು ಬದಲಿಸಿದೆ.)

ಬದಿಯಡ್ಕದಿಂದ ಒಳಗೆ, ಅಡಿಕೆ ತೋಟದ ನಡುವಿನ ಮನೆ. ಮನೆಮಾತು ತುಳು, ಓದುಬರಹ ಕನ್ನಡ, ಅಂಗನವಾಡಿಯಲ್ಲಿ ಕನ್ನಡ ಮಲಯಾಳ ಎರಡೂ. ಅಪ್ಪ ಸೇನೆಯಲ್ಲಿ ನಾಯಕ್ ದರ್ಜೆಯವರು; ಎರಡು ವರ್ಷದಿಂದ ಜಮ್ಮು ಕಡೆಯ ಫೀಲ್ಡ್ ಏರಿಯಾದಲ್ಲಿದ್ದಾರೆ, ಅಲ್ಲಿಗೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಹಾಗಿಲ್ಲ. ಊರಿನಲ್ಲಿ ಅಮ್ಮ, ನಾಲ್ಕು ವರ್ಷದ ಮಗ, ಹನ್ನೊಂದು ತಿಂಗಳ ಮಗಳು, ಅಜ್ಜ, ಅಜ್ಜಿ. 30 ದಿನದ ರಜೆಯ ಒಂಬತ್ತನೇ ದಿನ ಗಂಡ ಹೆಂಡತಿ ಇಬ್ಬರೂ ಆಪ್ತಸಲಹೆಗೆ ನಮ್ಮಲ್ಲಿಗೆ ಬಂದರು. ಕಳುಹಿಸಿದ್ದು ಅಂಗನವಾಡಿ ಟೀಚರ್.

ಮಗ ಅಪ್ಪನ ಹತ್ತಿರ ಸುಳಿಯುವುದಿಲ್ಲ, ಕೈ ಹಿಡಿದರೆ ಕಚ್ಚುತ್ತಾನೆ. ಎಂಟು ತಿಂಗಳಿಂದ ಹಾಸಿಗೆ ಒದ್ದೆ ಮಾಡದವನು ಅಪ್ಪ ಬಂದ ಮೂರನೇ ರಾತ್ರಿಯಿಂದ ವಾರಕ್ಕೆ ಐದಾರು ಸಲ ಮಾಡುತ್ತಿದ್ದಾನೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕತ್ತಲಲ್ಲಿ ಅಮ್ಮನನ್ನು ತಡಕುತ್ತಾನೆ. ಮಗಳು ಅಪ್ಪ ಎತ್ತಿಕೊಂಡ ಕೂಡಲೇ ಕಿರುಚುತ್ತಾಳೆ. “ನಾನು ಬರುವವರೆಗೆ ಎಲ್ಲ ಸರಿ ಇತ್ತು ಅಂತ ಇವಳು ಹೇಳ್ತಾಳೆ. ಹಾಗಾದ್ರೆ ನಾನು ಬಾರದಿದ್ರೇ ಒಳ್ಳೇದಿತ್ತಲ್ಲ ಮೇಡಂ” ಎಂದರು ಅಪ್ಪ. ದನಿಯಲ್ಲಿ ಕೋಪ ಇರಲಿಲ್ಲ. ಹೆಚ್ಚು ಚಿಂತೆ ಹುಟ್ಟಿಸಿದ್ದು ಅದೇ.

ಒಮ್ಮೆ ನಿಂತು ಮತ್ತೆ ಶುರುವಾದ ಒದ್ದೆಯನ್ನು ಮನಸ್ಸಿನ ಲೆಕ್ಕಕ್ಕೆ ಬರೆಯುವ ಮುಂಚೆ ದೇಹವನ್ನು ನೋಡಬೇಕು. ಮೂತ್ರದ ಸೋಂಕು, ಸಕ್ಕರೆ ಕಾಯಿಲೆ, ಮಲಬದ್ಧತೆ ಇವು ಮೂರನ್ನು ಮೊದಲು ತಳ್ಳಿಹಾಕಬೇಕು. ಮಕ್ಕಳ ವೈದ್ಯರಲ್ಲಿ ಮೂತ್ರ ಪರೀಕ್ಷೆ, ರಕ್ತದ ಸಕ್ಕರೆ ಸರಿಯಿದ್ದವು. ಆದರೆ ಹುಡುಗ ಮೂರು ದಿನಕ್ಕೊಮ್ಮೆ, ಅದೂ ಗಟ್ಟಿಯಾಗಿ ಕಕ್ಕಸಿಗೆ ಹೋಗುತ್ತಿದ್ದ. ಅಪ್ಪ ತಂದ ಕ್ಯಾಂಟೀನಿನ ಬಿಸ್ಕತ್ತು, ಚಾಕೊಲೇಟು ಊಟದ ಜಾಗ ಹಿಡಿದಿದ್ದವು. ಕರುಳಲ್ಲಿ ತುಂಬಿದ ಗಟ್ಟಿ ಮಲ ಮೂತ್ರಕೋಶವನ್ನು ಒತ್ತುತ್ತದೆ, ಅದು ಹಿಡಿಯುವ ನೀರು ಕಡಿಮೆಯಾಗುತ್ತದೆ. ಹಗಲು ನೀರು ಹೆಚ್ಚಿಸಿ, ದಿನಕ್ಕೆರಡು ಕದಳಿ ಹಣ್ಣು ಕೊಟ್ಟು, ಬೆಳಗಿನ ತಿಂಡಿಯ ನಂತರ ಕಾಲಿಗೆ ಆಸರೆಯಿಟ್ಟು ಐದು ನಿಮಿಷ ಕಕ್ಕಸಿನಲ್ಲಿ ಕೂರಿಸಬೇಕು. ಮಲಗುವ ಮುಂಚಿನ ಹಾಲನ್ನು ಒಂದೂವರೆ ಗಂಟೆ ಹಿಂದಕ್ಕೆ ತರಬೇಕು. ಐದು ವರ್ಷದೊಳಗೆ ರಾತ್ರಿ ಒದ್ದೆ ಮಾಡುವುದಕ್ಕೆ ಮದ್ದು ಬೇಕಿಲ್ಲ, ಬೈಗುಳವಂತೂ ಬೇಡವೇ ಬೇಡ.

ಆಮೇಲೆ ಮಲಗುವ ಜಾಗ. ಅಪ್ಪ ಬಂದ ಎರಡನೇ ರಾತ್ರಿ ಅಜ್ಜಿ ಮಗುವನ್ನು ತಮ್ಮ ಕೋಣೆಗೆ ಒಯ್ದಿದ್ದರು. ಗಂಡ ಹೆಂಡತಿಗೆ ಎಡೆ ಸಿಗಲಿ ಎಂಬ ಒಳ್ಳೆಯ ಯೋಚನೆ. ಮಗುವಿನ ಲೆಕ್ಕ ಬೇರೆ: ಯಾರೋ ಬಂದರು, ನನ್ನ ಜಾಗ ಹೋಯಿತು. ರಜೆಯ ದಿನಗಳಲ್ಲಿ ಹಾಸಿಗೆ ಬದಲಿಸಬಾರದು. ಬದಲಿಸಲೇಬೇಕೆಂದಿದ್ದರೆ ಅಪ್ಪ ಬರುವ ಮೂರು ವಾರ ಮುಂಚೆ ಶುರುಮಾಡಬೇಕು, ಆಗ ಎರಡಕ್ಕೂ ಗಂಟು ಬೀಳುವುದಿಲ್ಲ. ಅದೇ ರಾತ್ರಿ ಅವನನ್ನು ಅಮ್ಮನ ಪಕ್ಕಕ್ಕೆ ಮರಳಿಸಲು ಹೇಳಲಾಯಿತು.

ಆದರೆ ನಾಲ್ಕು ಗಂಟೆಗೆ ಏಳುವುದಕ್ಕೆ ಇದಾವುದೂ ಉತ್ತರವಲ್ಲ. ಹಿಂದಿನ ರಜೆ ಮುಗಿದಾಗ ಹೇಗೆ ಹೊರಟಿರಿ ಎಂದು ಕೇಳಿದಾಗ ವಿಷಯ ಹೊರಬಂತು. ಬೆಳಗಿನ ಜಾವ ನಾಲ್ಕಕ್ಕೆ, ಮಗು ಮಲಗಿದ್ದಾಗ, ಚಪ್ಪಲಿ ಕೈಯಲ್ಲಿ ಹಿಡಿದು ಜಗಲಿ ಇಳಿದಿದ್ದರು. ಹೊರಡುವ ಹೊತ್ತಿಗೆ ಮಗು ಅತ್ತರೆ ಅಪಶಕುನ ಎಂದು ಅಜ್ಜಿ, ನೋಡಲಿಕ್ಕಾಗುವುದಿಲ್ಲ ಎಂದು ಅಮ್ಮ. ಎದ್ದ ಮಗುವಿಗೆ “ಅಪ್ಪ ಪೇಟೆಗೆ ಹೋಗಿದ್ದಾರೆ, ಈಗ ಬರ್ತಾರೆ” ಎಂದರು. ಆ ಪೇಟೆ ಏಳು ತಿಂಗಳು ಮುಗಿಯಲಿಲ್ಲ.

ನಮ್ಮ ಭಾಷೆಗಳೂ ಇಲ್ಲಿ ಮಗುವಿಗೆ ಸಹಾಯ ಮಾಡುವುದಿಲ್ಲ. ಹೊರಡುವಾಗ ‘ಹೋಗ್ತೇನೆ’ ಎನ್ನಬಾರದು, ‘ಬರ್ತೇನೆ’ ಎನ್ನಬೇಕು. ತುಳುವಿನಲ್ಲೂ ‘ಪೋದು ಬರ್ಪೆ’. ದೊಡ್ಡವರಿಗೆ ಅದರ ಅರ್ಥ ಗೊತ್ತು. ನಾಲ್ಕರ ಮಗು ಕೇಳಿಸಿಕೊಳ್ಳುವುದು ‘ಬರುವ’ ಮಾತನ್ನು ಮಾತ್ರ, ಬಾಗಿಲಲ್ಲೇ ಕಾಯುತ್ತದೆ. ಈ ಹುಡುಗ ಕಲಿತದ್ದು ಇಷ್ಟು: ನಿದ್ದೆ ಮಾಡಿದರೆ ಮನೆಯಿಂದ ಯಾರಾದರೂ ಇಲ್ಲವಾಗುತ್ತಾರೆ. ಹಾಗಾಗಿ ಅವನು ಅಮ್ಮನನ್ನು ಕಾವಲು ಕಾಯುತ್ತಿದ್ದ. ಕಾಣೆಯಾಗುವ ಮನುಷ್ಯನಿಗೆ ಒಗ್ಗಿಕೊಳ್ಳದಿರುವುದು ಅವನ ಮಟ್ಟಿಗೆ ಬುದ್ಧಿವಂತಿಕೆಯೇ.

ಅಮೆರಿಕದಲ್ಲಿ ಸೈನಿಕ ಕುಟುಂಬಗಳಿಗೆಂದೇ ಕಟ್ಟಿದ ಪಾಲಕ ಬೆಂಬಲ ಕಾರ್ಯಕ್ರಮಗಳಿವೆ. ಬಾಸ್ಟನ್ ವಿಶ್ವವಿದ್ಯಾಲಯದ ‘ಸ್ಟ್ರಾಂಗ್ ಫ್ಯಾಮಿಲೀಸ್ ಸ್ಟ್ರಾಂಗ್ ಫೋರ್ಸಸ್’ ಚಿಕ್ಕ ಮಕ್ಕಳಿರುವ ಮನೆಗೇ ಹೋಗಿ ನಡೆಸುವಂಥದು. ಮಿನ್ನೆಸೋಟ ವಿಶ್ವವಿದ್ಯಾಲಯದ ‘ಅಡಾಪ್ಟ್’ ಶಾಲೆಗೆ ಹೋಗುವ ಮಕ್ಕಳ ತಂದೆತಾಯಂದಿರಿಗೆ ಗುಂಪಿನಲ್ಲಿ 14 ವಾರ ನಡೆಯುತ್ತದೆ. ಆಟದ ಹೊತ್ತು, ಭಾವನೆಗೆ ಹೆಸರಿಡುವುದು, ಬೀಳ್ಕೊಡುಗೆಯ ತಯಾರಿ ಇವನ್ನು ಅಲ್ಲಿಂದ ತೆಗೆದುಕೊಳ್ಳಬಹುದು. ಇಡಿಯಾಗಿ ತಂದರೆ ಕೂರುವುದಿಲ್ಲ. ಅಲ್ಲಿನ ಸೈನಿಕ ಹಲವು ತಿಂಗಳು ಹೋಗಿ ಒಮ್ಮೆ ಮರಳುತ್ತಾನೆ ಎಂಬ ಲೆಕ್ಕದ ಮೇಲೆ ಆ ಪಾಠಗಳು ನಿಂತಿವೆ. ನಮ್ಮ ಸಾಮಾನ್ಯ ಸೈನಿಕನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುಯಲ್ ರಜೆ. ಅದನ್ನು ತುಂಡು ತುಂಡಾಗಿ ತೆಗೆದುಕೊಂಡು ವರ್ಷಗಟ್ಟಲೆ ಬಂದು ಹೋಗುತ್ತಿರುತ್ತಾನೆ. ಮಗುವಿಗೆ ವರ್ಷದಲ್ಲಿ ಎರಡು ಮೂರು ಸಲ ಅಗಲಿಕೆ, ಅಷ್ಟೇ ಸಲ ಹೊಸ ಪರಿಚಯ. ಅದೂ ಅಜ್ಜ ಅಜ್ಜಿ ಇರುವ ಮನೆಯಲ್ಲಿ. ಅಜ್ಜಿಯನ್ನು ಬಿಟ್ಟು ಸಲಹೆ ಕೊಟ್ಟರೆ ಅದು ಮನೆಯ ಹೊಸ್ತಿಲು ದಾಟುವುದಿಲ್ಲ. ಆದ್ದರಿಂದ ಎರಡನೇ ಭೇಟಿ ಮನೆಯ ಚಾವಡಿಯಲ್ಲೇ ಆಯಿತು.

ಮೊದಲ ಕೆಲಸ ಆಟ. ದಿನಕ್ಕೆರಡು ಸಲ ಕಾಲು ಗಂಟೆ ಎಂದು ಹೇಳಿದ್ದು ಹೆಚ್ಚಾಯಿತು. ಮೂರೇ ದಿನಕ್ಕೆ ಅದು ಪರೇಡ್ ಆಗಿತ್ತು: ಎಬಿಸಿಡಿ ಹೇಳು, ಸಲ್ಯೂಟ್ ಮಾಡು, ಇದೇನು ಬಣ್ಣ. ಹುಡುಗ ಎದ್ದು ಹೋಗುತ್ತಿದ್ದ. ಅದನ್ನು ದಿನಕ್ಕೊಮ್ಮೆ ಹತ್ತು ನಿಮಿಷಕ್ಕೆ ಇಳಿಸಿ, ಮೂರು ನಿಷೇಧ ಹಾಕಲಾಯಿತು: ಪ್ರಶ್ನೆ ಕೇಳಬಾರದು, ಅಪ್ಪಣೆ ಕೊಡಬಾರದು, ಕಲಿಸಬಾರದು. ಮಗು ಮಾಡುವುದನ್ನು ನೋಡಿ ಅದನ್ನೇ ಬಾಯಲ್ಲಿ ಹೇಳಬೇಕು: “ನೀನು ಕಲ್ಲನ್ನು ಲಾರಿಗೆ ತುಂಬಿಸ್ತಾ ಇದ್ದಿ.” ಸಾಮಾನು ಅಂಗಡಿಯದು ಬೇಡ. ಈ ಮನೆಯಲ್ಲಿ ಗೆದ್ದದ್ದು ಅಡಿಕೆ ಹಾಳೆ. ಹಾಳೆಯ ಮೇಲೆ ಮಗುವನ್ನು ಕೂರಿಸಿ ಎಳೆಯುವ ಆಟದಲ್ಲಿ ಒಂದು ಅನುಕೂಲ ಉಂಟು: ಅಪ್ಪನ ಬೆನ್ನು ಮಾತ್ರ ಕಾಣುತ್ತದೆ, ಮುಖಕ್ಕೆ ಮುಖ ಕೊಡಬೇಕಾಗಿಲ್ಲ, ನಿಲ್ಲು ಎನ್ನುವ ಅಧಿಕಾರ ಕೂತವನದು. ನಾಲ್ಕನೇ ದಿನ ಅವನೇ ಹಾಳೆ ಹುಡುಕಿ ತಂದ.

ಮಗಳ ಅಳುವಿಗೆ ಬೇರೆ ಕಾರಣ. ಎಂಟು ತಿಂಗಳ ಸುಮಾರಿಗೆ ಅಪರಿಚಿತರ ಭಯ ಶುರುವಾಗುತ್ತದೆ. ಹನ್ನೊಂದಕ್ಕೆ ಅವಳು ಅತ್ತದ್ದು ಬೆಳವಣಿಗೆ ಸರಿಯಿದೆ ಎಂಬುದರ ಗುರುತು. ಕಸಿದು ಎತ್ತಿಕೊಂಡರೆ ಭಯ ಗಟ್ಟಿಯಾಗುತ್ತದೆ. ಅಪ್ಪ ನೆಲದ ಮೇಲೆ, ಎರಡು ತೋಳಿನಷ್ಟು ದೂರ, ಅವಳನ್ನೇ ದಿಟ್ಟಿಸದೆ ಕೂರಬೇಕು. ಅಮ್ಮ ಅವರೊಡನೆ ಮಾಮೂಲಿ ದನಿಯಲ್ಲಿ ಮಾತಾಡಬೇಕು. ಅವಳೇ ತೆವಳಿ ಬಂದು ಮುಟ್ಟುವವರೆಗೆ ಎತ್ತಬಾರದು. ಅನಂತರ ದಿನದ ಒಂದು ಕೆಲಸ ಅಪ್ಪನ ಪಾಲಿಗೆ. ಇಲ್ಲಿ ಅಜ್ಜಿ ಮೀಯಿಸುವ ಮುಂಚೆ ಎಣ್ಣೆ ಹಚ್ಚುವುದನ್ನು ಬಿಟ್ಟುಕೊಟ್ಟರು. ಸ್ವಲ್ಪ ಕಷ್ಟದಲ್ಲೇ.

ಶಿಸ್ತಿನ ವಿಷಯ ಚುಟುಕಾಗಿ ಮುಗಿಯಿತು. ಪ್ರತಿ ರಜೆಯ ಮೊದಲ ಹತ್ತು ದಿನ ಅಪ್ಪ ಬೈಯುವ, ಶಿಕ್ಷಿಸುವ ಕೆಲಸಕ್ಕೆ ಇಳಿಯಬಾರದು. ಏಳು ತಿಂಗಳು ಮನೆ ನಡೆಸಿದ ಅಮ್ಮನ ನಿಯಮಗಳೇ ನಡೆಯಲಿ. ಆ ನಿಯಮ ಐದನ್ನು ಅಮ್ಮ ಕಾಗದದಲ್ಲಿ ಬರೆದು ಕೊಟ್ಟರು. ಅಜ್ಜಿಗೆ ಹೇಳಿದ್ದು ಒಂದೇ: “ಅಪ್ಪ ಬರಲಿ, ಹೇಳಿ ಕೊಡ್ತೇನೆ” ಎಂಬ ಬೆದರಿಕೆ ನಿಲ್ಲಬೇಕು. ಏಳು ತಿಂಗಳು ಗುಮ್ಮನ ಪಾತ್ರ ಮಾಡಿಸಿದವರನ್ನು ಎಂಟನೇ ತಿಂಗಳು ಮಗು ಅಪ್ಪಿಕೊಳ್ಳುವುದಿಲ್ಲ.

ಹೆಚ್ಚು ಹೊತ್ತು ಹಿಡಿದದ್ದು ಹೊರಡುವ ದಿನದ ತಯಾರಿ. ಅಡಿಕೆ ಗೋಟು ಬಾಟಲಿಯಲ್ಲಿ ಹಾಕಿ ದಿನಕ್ಕೊಂದು ತೆಗೆಯುವ ಯೋಚನೆ ಅಜ್ಜನದು. ತೆವಳುವ ಮಗು ಇರುವ ಮನೆಯಲ್ಲಿ ಅದು ಗಂಟಲಿಗೆ ಸಿಕ್ಕುವ ವಸ್ತು, ಬೇಡವೆಂದೆವು. ಬದಲಿಗೆ ಬಣ್ಣದ ಕಾಗದದ ಏಳು ಬಳೆಗಳ ಸರ, ಮಗುವಿನ ಕಣ್ಣೆತ್ತರಕ್ಕೆ. ಏಳಕ್ಕಿಂತ ಹೆಚ್ಚು ಬೇಡ, ನಾಲ್ಕರ ಮಗುವಿಗೆ ಅದಕ್ಕಿಂತ ದೂರದ ದಿನದ ಲೆಕ್ಕ ಹಿಡಿಯುವುದು ಕಷ್ಟ. ಪ್ರತಿ ಬೆಳಗ್ಗೆ ಅಪ್ಪ ಮಗ ಸೇರಿ ಒಂದನ್ನು ಹರಿಯುವುದು, “ಇಷ್ಟು ಮುಗಿದ ದಿನ ಅಪ್ಪ ರೈಲಿಗೆ ಹೋಗ್ತೇನೆ” ಎನ್ನುವುದು. ಹೌದು, ‘ಹೋಗ್ತೇನೆ’ ಎಂದೇ. ಅಜ್ಜಿಗೆ ಒಪ್ಪಿಗೆಯಾಗಲಿಲ್ಲ, ಕೊನೆಗೆ “ಹೋಗ್ತೇನೆ, ರಜೆ ಸಿಕ್ಕಿದಾಗ ಬರ್ತೇನೆ” ಎಂಬಲ್ಲಿಗೆ ರಾಜಿಯಾಯಿತು. ನಿಜಕ್ಕೂ ಇದೇ ಹೆಚ್ಚು ಸರಿಯಾದ ವಾಕ್ಯ.

ಮರಳಿ ಬರುವುದಕ್ಕೆ ಇಂಥ ಸರ ಕಟ್ಟಬಾರದು. ರಜೆ ಮುಂದೆ ಹೋಗಬಹುದು, ರದ್ದಾಗಬಹುದು; ಕೊನೆಯ ಬಳೆ ಹರಿದ ದಿನ ಅಪ್ಪ ಬಾರದಿದ್ದರೆ ಕಟ್ಟಿದ್ದೆಲ್ಲ ಕುಸಿಯುತ್ತದೆ. ತಾರೀಕಿನ ಬದಲು ಕಾಲವನ್ನು ಹೇಳಬೇಕು: ಆಟಿಯ ಮಳೆ ಕಳೆದು, ಚೌತಿಯ ಕಡುಬು ತಿಂದು, ಅದರ ನಂತರ ಯಾವಾಗಲಾದರೂ.

ಹೊರಡುವ ಹೊತ್ತನ್ನು ಮಗು ಎಚ್ಚರವಿರುವ ಸಮಯಕ್ಕೆ ತರಲು ಹೇಳಲಾಯಿತು. ರೈಲು ಯಾವುದೇ ಹೊತ್ತಿನದಾಗಲಿ, ಹಿಂದಿನ ಸಂಜೆಯೇ ಕಾಸರಗೋಡಿನ ನೆಂಟರ ಮನೆಗೆ ಹೋಗಿ ಉಳಿಯಬಹುದು. ಸ್ಟೇಷನ್ನಿಗೆ ಮಕ್ಕಳು ಬೇಡ: ಗದ್ದಲ, ಕೆಲವೇ ನಿಮಿಷ ನಿಲ್ಲುವ ಗಾಡಿ, ಸೀಟು ಹುಡುಕುವ ಅಪ್ಪ. ವಿದಾಯ ಜಗಲಿಯಲ್ಲೇ, ಐದು ನಿಮಿಷದೊಳಗೆ. ಮಗುವಿನ ಎತ್ತರಕ್ಕೆ ಕೂತು ನಾಲ್ಕು ಮಾತು: ಅಪ್ಪ ಕೆಲಸಕ್ಕೆ ಹೋಗ್ತೇನೆ; ಅಮ್ಮ, ಅಜ್ಜ, ಅಜ್ಜಿ ನಿನ್ನ ಹತ್ತಿರ ಇರ್ತಾರೆ; ಫೋನ್ ಸಿಕ್ಕಿದಾಗ ಮಾತಾಡ್ತೇನೆ; ರಜೆ ಸಿಕ್ಕಿದಾಗ ಬರ್ತೇನೆ. “ಇನ್ನು ನೀನೇ ಮನೆಯ ಗಂಡಸು, ಅಮ್ಮನನ್ನು ನೋಡಿಕೊ” ಎಂಬ ಮಾತು ಕೂಡದು. ಈಗಾಗಲೇ ಕಾವಲು ಕಾಯುತ್ತಿರುವ ಮಗುವಿಗೆ ಅದು ಡ್ಯೂಟಿ ಹಚ್ಚಿದಂತೆ. ಮಗು ಅಳಲಿ. ಅಮ್ಮನೂ ಅಳಬಹುದು. ಅತ್ತ ಮೇಲೆ ಅಂಗನವಾಡಿಗೋ ತೋಟಕ್ಕೋ, ಆ ದಿನದ ಮಾಮೂಲಿ ಕೆಲಸಕ್ಕೆ ಹೋಗಬೇಕು.

ಹೋಗುವ ಮುಂಚೆ ಅಪ್ಪ ಮೊಬೈಲಿನಲ್ಲಿ ತಲಾ ಎರಡು ನಿಮಿಷದ ಹತ್ತು ಧ್ವನಿ ತುಣುಕು ತುಂಬಿಸಿಟ್ಟರು. ಮೂರು ಕಥೆ, ಮಲಗುವ ಹೊತ್ತಿನ ಮಾತು, ಮಗಳ ಹೆಸರು ಕರೆಯುವುದು, ಹಾಳೆ ಆಟದ ಕೂಗು. ನೆಟ್‌ವರ್ಕ್ ಇಲ್ಲದ ರಾತ್ರಿಗೆ ಇವೇ ಆಧಾರ. ದಿನಾ ಎಂಟಕ್ಕೆ ಫೋನ್ ಎಂದು ಮಾತು ಕೊಡಬಾರದು. ವೀಡಿಯೊ ಕರೆ ನಾಲ್ಕರ ಮಗುವಿಗೆ ಮೂರರಿಂದ ಐದು ನಿಮಿಷ ಸಾಕು. “ಊಟ ಆಯ್ತಾ, ಯಾಕೆ ಮಾತಾಡುದಿಲ್ಲ” ಎಂಬ ವಿಚಾರಣೆಯ ಬದಲು ಅಪ್ಪ ತಮ್ಮ ಚಹಾ ಲೋಟ ತೋರಿಸಲಿ, ಮಗ ತನ್ನದು. ಫೋನಿನ ವಿಷಯದಲ್ಲಿ ಯೂನಿಟ್ಟಿನ ನಿಯಮವೇ ಅಂತಿಮ. ಪ್ರಯಾಣದ ದಿನ, ಸಮವಸ್ತ್ರದ ಫೋಟೊ ಅಮ್ಮನ ವಾಟ್ಸಾಪ್ ಸ್ಟೇಟಸ್‌ನಲ್ಲೂ ಇರಬಾರದು.

ಅಮ್ಮನ ಸ್ಥಿತಿಯನ್ನು ಬೇರೆಯೇ ನೋಡಬೇಕಾಯಿತು. ಹೆರಿಗೆಯ ನಂತರದ ಖಿನ್ನತೆ ಅಳೆಯುವ ಹತ್ತು ಪ್ರಶ್ನೆಗಳ ಎಡಿನ್‌ಬರೋ ಮಾಪನದಲ್ಲಿ 30ಕ್ಕೆ 11 ಬಂತು. 13 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರಲ್ಲಿಗೆ ಕಳುಹಿಸುತ್ತೇವೆ. 11 ಎಂದರೆ ಎರಡು ವಾರದಲ್ಲಿ ಮತ್ತೆ ಅಳೆಯಬೇಕು. ತನಗೇ ಹಾನಿ ಮಾಡಿಕೊಳ್ಳುವ ಯೋಚನೆ ಕುರಿತ ಹತ್ತನೇ ಪ್ರಶ್ನೆಗೆ ಸೊನ್ನೆ ಇತ್ತು. ಅಲ್ಲಿ ಒಂದು ಅಂಕ ಬಂದರೂ ಒಟ್ಟು ಮೊತ್ತ ನೋಡದೆ ಅಂದೇ ಕಳುಹಿಸಬೇಕು. ಅವರಿಗೆ ಬೇಕಾದ್ದು ನಿದ್ದೆ. ಮಧ್ಯಾಹ್ನ ಒಂದೂವರೆಯಿಂದ ಮೂರೂವರೆ ಮಗಳು ಅಜ್ಜಿಯ ಪಾಲಿಗೆ ಎಂದು ಅಜ್ಜಿಯ ಎದುರೇ ಗೊತ್ತುಮಾಡಿದೆವು. ಅಪ್ಪನಿಗೂ ನಿದ್ದೆ, ಸದ್ದಿಗೆ ಬೆಚ್ಚುವುದು, ಕುಡಿತ ಕುರಿತು ಕೇಳಲಾಯಿತು. ಪಟಾಕಿಗೆ ಬೆಚ್ಚುತ್ತಾರೆ, ಉಳಿದದ್ದಿಲ್ಲ. ಮುಂದೆ ಕೆಟ್ಟ ಕನಸು ಶುರುವಾಗಿ ತಿಂಗಳಾದರೂ ಬಿಡದಿದ್ದರೆ ಯೂನಿಟ್ಟಿನ ವೈದ್ಯಾಧಿಕಾರಿಗೆ ಹೇಳಬೇಕು ಎಂದಾಯಿತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416 ಇಬ್ಬರ ಮೊಬೈಲಿನಲ್ಲೂ ಸೇರಿಸಿಕೊಂಡರು.

ನಡುವೆ ಒಂದು ಕಾಗದದ ಕೆಲಸ ಸಿಕ್ಕಿತು. ಮಗಳ ಜನನ ಇನ್ನೂ ಪಾರ್ಟ್ ಟೂ ಆರ್ಡರಿನಲ್ಲಿ, ಅಂದರೆ ಸೈನಿಕನ ಮನೆಯ ವಿವರ ದಾಖಲಿಸುವ ಸೇನೆಯ ಆದೇಶದಲ್ಲಿ, ಏರಿರಲಿಲ್ಲ. ಅದಿಲ್ಲದೆ ಅವಳು ದಾಖಲೆಯಲ್ಲಿ ಅವಲಂಬಿತೆಯೇ ಅಲ್ಲ. ಮಿಲಿಟರಿ ಆಸ್ಪತ್ರೆಯ ಚಿಕಿತ್ಸೆಗೂ ತೊಡಕಾಗುತ್ತದೆ. ಪಂಚಾಯತಿನ ಜನನ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರಿನ ಅಕ್ಷರಗಳು ಸರ್ವಿಸ್ ದಾಖಲೆಯಂತೆಯೇ ಇವೆಯೇ ಎಂದು ಮೊದಲು ನೋಡಬೇಕು. ನಮ್ಮ ಜಿಲ್ಲೆಯಲ್ಲಿ ಕನ್ನಡದ ಹೆಸರು ಮಲಯಾಳಕ್ಕೆ ಹೋಗಿ ಇಂಗ್ಲಿಷಿಗೆ ಬರುವಷ್ಟರಲ್ಲಿ ಒಂದು ಅಕ್ಷರ ಎಲ್ಲೋ ಜಾರಿರುತ್ತದೆ. ಇಲ್ಲಿಯೂ ಜಾರಿತ್ತು, ತಿದ್ದಿಸಿಕೊಂಡೇ ಹೊರಟರು.

ಹೊರಟ ಸಂಜೆ ಹುಡುಗ ನಲವತ್ತು ನಿಮಿಷ ಅತ್ತ. ಆಮೇಲೆ ಹಾಳೆಯನ್ನು ಒಳಗೆ ತಂದು ಮಂಚದ ಅಡಿಯಲ್ಲಿಟ್ಟ. ಎರಡು ವಾರದ ಭೇಟಿಗೆ ಅಮ್ಮನ ಅಂಕ 8. ಆರು ವಾರಕ್ಕೆ ಒದ್ದೆ ವಾರಕ್ಕೆ ಒಂದೆರಡಕ್ಕೆ ಇಳಿಯಿತು. ಮಲಬದ್ಧತೆ ಹೋದದ್ದರಿಂದಲೋ, ಹಾಸಿಗೆ ಮರಳಿದ್ದರಿಂದಲೋ, ವಿದಾಯ ಕಣ್ಣೆದುರು ಆದದ್ದರಿಂದಲೋ ಬೇರ್ಪಡಿಸಿ ಹೇಳಲಾಗದು. ನಾಲ್ಕು ಗಂಟೆಯ ಎಚ್ಚರ ಪೂರ್ತಿ ನಿಂತಿಲ್ಲ. ಹತ್ತನೇ ದಿನ ಅವನು ಹಠ ಹಿಡಿದಾಗ ಅಜ್ಜಿ “ಅಪ್ಪ ನಾಳೆ ಬರ್ತಾರೆ” ಎಂದುಬಿಟ್ಟರು. ಮರುದಿನ ಸಂಜೆವರೆಗೆ ಹುಡುಗ ಜಗಲಿ ಬಿಟ್ಟು ಏಳಲಿಲ್ಲ. ಅದನ್ನು ತಿದ್ದಿದ್ದು ಅಜ್ಜಿಯೇ: “ನಾನು ಸುಳ್ಳು ಹೇಳಿದೆ ಮಗಾ, ಅಪ್ಪ ಬರುವುದು ಚೌತಿ ಕಳೆದ ಮೇಲೆ.”

ಮುಂದಿನ ಭೇಟಿ ಮುಂದಿನ ರಜೆಯ ಮೂರನೇ ದಿನಕ್ಕೆ. ಆಗ ಮಗಳಿಗೆ ಒಂದೂವರೆ ವರ್ಷ. ಈ ಸಲ ಏನೂ ತಿಳಿಯದೆ ಕೈ ಬೀಸಿದವಳು ಆಗ ಬಾಗಿಲಿಗೆ ಅಂಟಿಕೊಂಡು ಅಳುವ ವಯಸ್ಸಿನಲ್ಲಿರುತ್ತಾಳೆ. ಕಾಗದದ ಸರ ಅವಳಿಗೆ ಅರ್ಥವಾಗದು, ಅವಳ ತಯಾರಿ ಬೇರೆಯೇ ಬೇಕು.