ಐವತ್ತೇ ಕಿಲೋಮೀಟರ್ ಅಲ್ಲವೇ?

ಮಂಗಳೂರಿನಿಂದ ಕಾಸರಗೋಡಿಗೆ ಐವತ್ತೇ ಕಿಲೋಮೀಟರ್, ಅದರಲ್ಲೂ ಆರು ಪಥದ ಹೊಸ ಹೆದ್ದಾರಿ. ಹಾಗಿದ್ದೂ ನಿಮ್ಮ ಕಡೆಯವರಿಗೆ ಮಾರ್ಗದ ಬಗ್ಗೆ ಇಷ್ಟು ದೂರು ಯಾಕೆ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ರಾಜ್ಯದ ಗಡಿಯಲ್ಲಿರುವ ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ಭಾಗ ಕೇರಳದ ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣದಲ್ಲಿ ಎಲ್ಲರಿಗಿಂತ ಮುಂಚೆ ಮುಗಿದ ಭಾಗಗಳಲ್ಲೊಂದು. ಕಾಸರಗೋಡು ಪೇಟೆಯ ಮೇಲೆ ಒಂಟಿ ಕಂಬಗಳ ಸಾಲಿನ ಮೇಲ್ಸೇತುವೆ ಇದೆ. ಮೇಲಿನ ರಸ್ತೆಯಲ್ಲೇ ಹೋದರೆ ಹೊಟ್ಟೆಯ ನೀರು ಅಲುಗುವುದಿಲ್ಲ.

ಆದರೆ ಆ ರಸ್ತೆ ಊರು ದಾಟಿ ಹೋಗುವವರದ್ದು. ಊರಲ್ಲಿರುವವರ ಓಡಾಟ ಬೇರೆ ದಿಕ್ಕಿನದ್ದು. ಕಾಸರಗೋಡು ಜಿಲ್ಲೆಯ ನಕ್ಷೆ ನೋಡಿ: ಪಡುವಣಕ್ಕೆ ಕಡಲು, ಮೂಡಣಕ್ಕೆ ಗುಡ್ಡೆ, ನಡುವೆ ಸಪೂರ ಪಟ್ಟಿ. ಆ ಪಟ್ಟಿಯಲ್ಲಿ ರೈಲು ಹಳಿಯೂ ಹೆದ್ದಾರಿಯೂ ತೆಂಕಿನಿಂದ ಬಡಗಿಗೆ ಉದ್ದಕ್ಕೆ ಓಡುತ್ತವೆ. ನೀರು ಮತ್ತು ಜನ ಮಾತ್ರ ಅಡ್ಡಕ್ಕೆ ಹರಿಯುವವು. ಗುಡ್ಡೆಯ ನೀರು ಕಡಲಿಗೆ ಇಳಿಯಬೇಕು, ಮೂಡಣದ ಮನೆಯವರು ಪಡುವಣದ ಶಾಲೆಗೆ, ಸ್ಟೇಷನ್ನಿಗೆ, ಮೀನು ಮಾರುಕಟ್ಟೆಗೆ ಬರಬೇಕು. 45 ಮೀಟರ್ ಅಗಲದ ಮಾರ್ಗವನ್ನು ಮಣ್ಣು ತುಂಬಿ ಎತ್ತರಿಸಿದಾಗ ಎರಡಕ್ಕೂ ಅಡ್ಡಗಟ್ಟಿದ ಹಾಗಾಯಿತು. ಇವತ್ತಿನ ಮುಕ್ಕಾಲು ತೊಂದರೆಯ ಮೂಲ ಇಲ್ಲಿದೆ.

ಎತ್ತರಿಸಿದ ಹೆದ್ದಾರಿಯ ಬದಿಯಲ್ಲಿ ಊರಿನವರ ಓಡಾಟಕ್ಕೆಂದು ಬಿಟ್ಟ ಸರ್ವೀಸ್ ರಸ್ತೆಯನ್ನು ಹತ್ತಿರದಿಂದ ನೋಡಿದರೆ ಇದು ಅರ್ಥವಾಗುತ್ತದೆ. ಅದರ ಅಗಲ ಆರೂವರೆ ಮೀಟರಿನ ಆಸುಪಾಸು. ಒಂದು ಬಸ್ಸಿನ ಅಗಲ ಎರಡೂವರೆ ಮೀಟರಿಗಿಂತ ತುಸು ಜಾಸ್ತಿ. ಎರಡು ಬಸ್ಸು ಎದುರುಬದುರಾದರೆ ಐದು ಮೀಟರ್ ದಾಟಿತು, ಕನ್ನಡಿಗಳನ್ನೂ ಸೇರಿಸಿದರೆ ಉಳಿಯುವುದು ಮೊಳದ ಲೆಕ್ಕ. ಅಲ್ಲೊಂದು ರಿಕ್ಷಾ ನಿಂತಿತೆಂದರೆ ಎರಡೂ ಬಸ್ಸು ನಿಂತವು. ಬದಿಯಲ್ಲಿ ಕಾಂಕ್ರೀಟ್ ಚರಂಡಿ, ಅದರ ಮೇಲೆ ಹಾಸಿದ ಸ್ಲ್ಯಾಬುಗಳೇ ನಡೆಯುವವರ ದಾರಿ. ಸೈಡ್ ಕೊಡಲು ಲಾರಿ ಆ ಸ್ಲ್ಯಾಬಿಗೆ ಚಕ್ರ ಹತ್ತಿಸುತ್ತದೆ, ಸ್ಲ್ಯಾಬ್ ನಡುವೆ ಬಿರಿಯುತ್ತದೆ, ಮರುದಿನ ಶಾಲೆಯ ಮಕ್ಕಳು ಆ ತೂತಿನ ಪಕ್ಕದಲ್ಲೇ ನಡೆಯುತ್ತಾರೆ. ಕಾಗದದಲ್ಲಿ ಹೇಗೇ ಬರೆದಿರಲಿ, ಇಲ್ಲಿ ಎರಡೂ ಕಡೆಗೆ ವಾಹನ ಓಡುತ್ತದೆ. ಯಾಕೆಂದರೆ ಎದುರು ಬದಿಯ ಅಂಗಡಿಗೆ ಹೋಗಬೇಕಾದರೂ ಅಂಡರ್‌ಪಾಸ್ ಹುಡುಕಿಕೊಂಡು ಸುತ್ತಬೇಕು. ಹಾಗೆ ಸುತ್ತುವ ಬದಲು ಬೈಕಿನವರು ಎದುರಿನಿಂದಲೇ ಬರುತ್ತಾರೆ. ಅವರನ್ನು ಬೈದರೆ ಪ್ರಯೋಜನವಿಲ್ಲ, ದಾರಿಯ ವಿನ್ಯಾಸವೇ ಅವರನ್ನು ಹಾಗೆ ತಳ್ಳಿದೆ.

ಬಸ್ಸಿನ ಕತೆಯೂ ಹೀಗೆಯೇ. ಕಾಸರಗೋಡು–ಮಂಗಳೂರು ದಾರಿಯಲ್ಲಿ ಎರಡೂ ರಾಜ್ಯದ ಸಾರಿಗೆ ಬಸ್ಸುಗಳು ಓಡುತ್ತವೆ. ಊರೂರಿನವರನ್ನು ಹತ್ತಿಸಬೇಕಾದರೆ ಬಸ್ಸು ಕೆಳಗಿನ ರಸ್ತೆಗೆ ಇಳಿಯಬೇಕು, ಇಳಿದರೆ ಸಮಯ ಹೋಗುತ್ತದೆ. ಮೇಲೆಯೇ ಹೋದರೆ ಸ್ಟಾಪಿನಲ್ಲಿ ಕಾದವರು ನೋಡುತ್ತಲೇ ಉಳಿಯುತ್ತಾರೆ. ಹೊಸಬರು ಹತ್ತುವ ಮೊದಲು ಕಂಡಕ್ಟರನ್ನು ಕೇಳಬೇಕಾದ ಮಾತು ಒಂದೇ: ‘ಸರ್ವೀಸ್ ರಸ್ತೆಯಲ್ಲಿ ಹೋಗುತ್ತದೆಯೇ?’

ಹೊಸಂಗಡಿಯಲ್ಲಿ ಇನ್ನೊಂದು ಗಂಟು, ರೈಲ್ವೆ ಗೇಟ್. ಗೇಟ್ ಹಾಕಿದಾಗ ಪಡುವಣದಿಂದ ಬರುವ ಸಾಲು ಹಳಿಯ ಆಚೆ, ಮೂಡಣದಿಂದ ಬರುವ ಸಾಲು ಈಚೆ ನಿಲ್ಲುತ್ತದೆ. ಗೇಟ್ ತೆಗೆದ ಕೂಡಲೇ ಎರಡೂ ಒಟ್ಟಿಗೆ ನುಗ್ಗುತ್ತವೆ. ರೈಲು ಹೋಗಿ ಎಷ್ಟೋ ಹೊತ್ತಾದ ಮೇಲೂ ಬ್ಲಾಕ್ ಬಿಡಿಸಿಕೊಳ್ಳುವುದಿಲ್ಲ.

ಇನ್ನು ನೀರು. ಇಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ. ಹಳೆಯ ಮಾರ್ಗದ ಅಡಿಯಲ್ಲಿ ಗುಡ್ಡೆಯಿಂದ ನೀರು ಹರಿದು ಬರುವ ಪ್ರತಿ ಕಣಿಗೂ ಒಂದು ಮೋರಿ ಇರುತ್ತಿತ್ತು. ಹೊಸ ಮಾರ್ಗ ಕಟ್ಟುವಾಗ ಕೆಲವು ಕಡೆ ನಾಲ್ಕು ಕಣಿಯ ನೀರನ್ನು ಒಂದು ಚರಂಡಿಗೆ ತಿರುಗಿಸಿ ಒಂದೇ ಕಡೆ ದಾಟಿಸುತ್ತಾರೆ. ಆ ಚರಂಡಿಯ ಬಾಯಿ ಕೊನೆಗೆ ತೋಡಿಗೆ ಸೇರಬೇಕು. ಸೇರದೆ ಯಾರದೋ ಗದ್ದೆಯ ತಲೆಯಲ್ಲಿ ಬಿಟ್ಟರೆ ಗದ್ದೆಯೂ ಹೋಯಿತು, ಸರ್ವೀಸ್ ರಸ್ತೆಯೂ ಕೆರೆಯಾಯಿತು. ಚರಂಡಿಯ ಗೋಡೆ ಪಕ್ಕದ ಅಂಗಳಕ್ಕಿಂತ ಎತ್ತರ ಇದ್ದರಂತೂ ಅಂಗಳದ ನೀರಿಗೆ ಹೊರಗೆ ಹೋಗುವ ದಾರಿಯೇ ಇಲ್ಲ. ಅಂಡರ್‌ಪಾಸುಗಳು ತಗ್ಗಿನಲ್ಲಿವೆ, ಎರಡೂ ಬದಿಯ ನೀರು ಅಲ್ಲಿಗೇ ಇಳಿಯುತ್ತದೆ. ಜುಲೈ–ಆಗಸ್ಟಿನ ಆಟಿ ತಿಂಗಳ ಜಡಿಮಳೆಗೆ ಅಲ್ಲಿ ನೀರಿನ ಆಳ ಕಣ್ಣಿಗೆ ಗೊತ್ತಾಗುವುದಿಲ್ಲ. ಎದುರಿನ ವಾಹನದ ಚಕ್ರ ಎಷ್ಟು ಮುಳುಗಿತೆಂದು ನೋಡಿ ಇಳಿಯಿರಿ. ಬೈಕಿನ ಸೈಲೆನ್ಸರ್ ಬಾಯಿ ಮುಳುಗುವಷ್ಟಿದ್ದರೆ ಇಳಿಯಲೇಬೇಡಿ.

ಚೆರ್ಕಳದಿಂದ ತೆಂಕಿಗೆ ಹೋದರೆ ಭಯ ನೀರಿನದ್ದಲ್ಲ, ಬರೆಯದ್ದು, ಅಂದರೆ ಗುಡ್ಡೆ ಕೊಯ್ದಾಗ ಉಳಿಯುವ ಮಣ್ಣಿನ ಗೋಡೆಯದ್ದು. ನಮ್ಮ ಗುಡ್ಡೆಗಳ ಮೇಲ್ಪದರ ಮುರಕಲ್ಲು, ಅಂದರೆ ತೂತು ತೂತಾದ ಕೆಂಪು ಕಲ್ಲು. ಒಣಗಿದಾಗ ಅದು ಗಟ್ಟಿ, ನೆಟ್ಟಗೆ ಕೊಯ್ದರೂ ನಿಲ್ಲುತ್ತದೆ. ಅದರ ಕೆಳಗಿರುವುದು ಶೇಡಿಮಣ್ಣು: ಬಿಳಿ, ಹಳದಿ, ನಸುಗೆಂಪು ಬಣ್ಣದ ನುಣುಪು ಮಣ್ಣು. ಬೇಸಿಗೆಯಲ್ಲಿ ಹಾರೆ ಇಳಿಯದಷ್ಟು ಗಟ್ಟಿ, ನೀರು ಕುಡಿದರೆ ಬೆಣ್ಣೆ. ಮುರಕಲ್ಲಿನ ತೂತುಗಳ ಮೂಲಕ ಇಳಿದ ಮಳೆನೀರು ಈ ಪದರದ ಮೇಲೆ ನಿಲ್ಲುತ್ತದೆ, ಮೇಲಿನ ಭಾರಕ್ಕೆ ಅಡಿ ಜಾರುತ್ತದೆ, ಗುಡ್ಡೆ ಒಟ್ಟಾಗಿ ಕೂತುಬಿಡುತ್ತದೆ. ಇಂಥ ಗುಡ್ಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ, ಹಿಂದಕ್ಕೆ ಸರಿಯುತ್ತಾ ಕೊಯ್ಯಬೇಕು. ಮೇಲಿನ ಅಂಚಿನಲ್ಲಿ ನೀರು ಹಿಡಿಯುವ ಕಣಿ ತೋಡಬೇಕು. ಆದರೆ ಮೆಟ್ಟಿಲಿಗೆ ಜಾಗ ಬೇಕು, ಸ್ವಾಧೀನಪಡಿಸಿಕೊಂಡದ್ದು ರಸ್ತೆಗೆ ಬೇಕಾದಷ್ಟೇ ಅಗಲ. ಹಾಗಾಗಿ ನೆಟ್ಟಗೆ ಕೊಯ್ದು, ಕಬ್ಬಿಣದ ಸರಳು ಹೊಡೆದು, ಮೇಲೆ ಸಿಮೆಂಟ್ ಚಿಮ್ಮಿಸುವ ವಿಧಾನಕ್ಕೆ ಹೋಗುತ್ತಾರೆ. ಒಳಗಿನ ನೀರು ಹೊರಬರಲು ಸಾಕಷ್ಟು ಕೊಳವೆ ಇಲ್ಲದಿದ್ದರೆ ಆ ಸಿಮೆಂಟಿನ ಹೊದಿಕೆ ಉಬ್ಬಿ ಕಳಚುತ್ತದೆ. ಚೆರುವತ್ತೂರು ಬಳಿಯ ಮಟ್ಟಲಾಯಿಯಲ್ಲಿ 2025ರ ಮೇಯಲ್ಲಿ ಬರೆ ಜರಿದು ಕಾರ್ಮಿಕರೊಬ್ಬರು ಸತ್ತರು. ಅದೇ ವರ್ಷ ಜುಲೈಯಲ್ಲಿ ವೀರಮಲೆ ಗುಡ್ಡೆ ಹೆದ್ದಾರಿಗೆ ಕುಸಿಯಿತು. ಇದನ್ನು ಪ್ರಕೃತಿ ವಿಕೋಪ ಎಂದು ಬರೆದು ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಮಳೆ ಹೊಸತಲ್ಲ, ಶೇಡಿಮಣ್ಣೂ ಹೊಸತಲ್ಲ. ಬಾವಿ ತೋಡುವವರಿಗೆ ಯಾವ ಆಳದಲ್ಲಿ ಅದು ಸಿಗುತ್ತದೆಂದು ಗೊತ್ತು.

ಒಳನಾಡಿನ ಮಾರ್ಗಗಳ ಹೊಂಡಕ್ಕೆ ಕಾರಣ ಬೇರೆ. ಡಾಮರಿಗೆ ಮಳೆ ಶತ್ರುವಲ್ಲ, ನಿಂತ ನೀರು ಶತ್ರು. ರಸ್ತೆಯ ನಡುವಿನಿಂದ ಅಂಚಿಗೆ ಮೀಟರಿಗೆ ಎರಡೂವರೆ ಸೆಂಟಿಮೀಟರ್ ಇಳಿಜಾರು ಬೇಕು. ಏಳು ಮೀಟರ್ ಅಗಲದ ಮಾರ್ಗವಾದರೆ ನಡು ಭಾಗ ಅಂಚಿಗಿಂತ ಸುಮಾರು ಒಂಬತ್ತು ಸೆಂಟಿಮೀಟರ್ ಎತ್ತರ ಇರಬೇಕು. ಅಂಚಿನಲ್ಲಿ ಹುಲ್ಲು, ಮಣ್ಣು ಏರಿ ಬದಿ ಎತ್ತರವಾದರೆ ಆ ಇಳಿಜಾರು ವ್ಯರ್ಥ. ನೀರು ಜಲ್ಲಿಗೂ ಡಾಮರಿಗೂ ನಡುವೆ ನುಗ್ಗುತ್ತದೆ, ಪ್ರತಿ ಚಕ್ರವೂ ಪಂಪಿನಂತೆ ಅದನ್ನು ಒತ್ತುತ್ತದೆ, ಜಲ್ಲಿ ಒಂದೊಂದಾಗಿ ಏಳುತ್ತದೆ. ಮೊದಲ ದಿನ ತಟ್ಟೆಯಷ್ಟಿದ್ದದ್ದು ವಾರದಲ್ಲಿ ಒನಕೆ ಕುಟ್ಟುವ ಕುಳಿಯಷ್ಟಾಗುತ್ತದೆ.

ಸರಿಯಾಗಿ ಮುಚ್ಚುವ ಕ್ರಮ ಕಷ್ಟದ್ದೇನಲ್ಲ. ಹೊಂಡದ ಸುತ್ತ ಗಟ್ಟಿ ಭಾಗ ಸಿಗುವವರೆಗೆ ಚೌಕವಾಗಿ ಕತ್ತರಿಸಬೇಕು, ಅಂಚು ನೆಟ್ಟಗಿರಬೇಕು. ನೀರು, ಹುಡಿ ತೆಗೆದು ಒಣಗಿಸಿ, ತಳಕ್ಕೂ ಅಂಚಿಗೂ ಡಾಮರು ಬಳಿಯಬೇಕು. ಬಿಸಿ ಮಿಶ್ರಣವನ್ನು ಪದರ ಪದರವಾಗಿ ತುಂಬಿ, ತಣಿಯುವ ಮೊದಲೇ ರೋಲರ್ ಎಳೆಯಬೇಕು. ಮೇಲ್ಮೈ ಒಂದು ಕೂದಲೆಳೆ ಎತ್ತರವೇ ಇರಲಿ, ವಾಹನಗಳು ಒತ್ತಿ ಸಮ ಮಾಡುತ್ತವೆ. ಇಲ್ಲಿ ಜೂನ್ ಬಂದ ಮೇಲೆ ಕಾಣುವುದು ಒದ್ದೆ ಹೊಂಡಕ್ಕೆ ಒಂದು ಟಿಪ್ಪರ್ ಜಲ್ಲಿಹುಡಿ ಸುರಿದು ಹೋಗುವುದನ್ನು. ಎರಡು ಮಳೆಗೆ ಹುಡಿ ತೊಳೆದುಹೋಗಿ ಜಲ್ಲಿ ಮಾತ್ರ ರಸ್ತೆಯಿಡೀ ಹರಡುತ್ತದೆ, ಬೈಕಿಗೆ ಹೊಂಡಕ್ಕಿಂತ ಅದೇ ಅಪಾಯ. ನೀರು ನಿಂತೇ ನಿಲ್ಲುತ್ತದೆ ಎಂದು ಗೊತ್ತಿರುವ ತಗ್ಗಿನಲ್ಲಿ ಡಾಮರಿನ ಬದಲು ಇಂಟರ್‌ಲಾಕ್ ಹಾಸುವುದು ಒಳ್ಳೆಯದು, ಕೇರಳದಲ್ಲಿ ಬಹಳ ಕಡೆ ಹಾಗೆ ಮಾಡಿದ್ದಾರೆ.

ಕುಡಿಯುವ ನೀರಿನ ಪೈಪಿಗೆ ಅಗೆದದ್ದು ಇನ್ನೊಂದು ಕಾಟ. ಅಗೆದ ಮಣ್ಣನ್ನು ಗೇಣುದ್ದದ ಪದರಗಳಾಗಿ ಹಾಕಿ ಪ್ರತಿ ಪದರವನ್ನೂ ಗುದ್ದಬೇಕು. ಒಟ್ಟಿಗೆ ತಳ್ಳಿ ಮೇಲೆ ಕಾಂಕ್ರೀಟ್ ಸವರಿದರೆ ಮೊದಲ ಮಳೆಗೇ ಕಣಿ ಕುಳಿತು, ಬಸ್ಸಿನ ಎಡಗಾಲಿ ಅದರಲ್ಲಿ ಹೂತುಹೋಗುತ್ತದೆ.

ಗಡಿಯ ಮಾತಿಗೆ ಬರೋಣ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು, ಆದರೆ ನಮ್ಮ ಆಸ್ಪತ್ರೆ, ಕಾಲೇಜು, ಸಂತೆ ಮಂಗಳೂರಿನಲ್ಲೇ ಉಳಿದವು. ಆಂಬುಲೆನ್ಸಿನ ದಿಕ್ಕು ಬಡಗಿಗೆ. 2020ರ ಲಾಕ್‌ಡೌನಿನಲ್ಲಿ ಗಡಿ ಮಾರ್ಗಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಈ ಮಾರ್ಗಗಳು ನಮಗೆ ಏನೆಂಬುದು ದೇಶಕ್ಕೆಲ್ಲ ತಿಳಿಯಿತು. ಇವತ್ತು ಮಣ್ಣಿನ ರಾಶಿ ಇಲ್ಲ. ತಲಪಾಡಿಯಲ್ಲಿ ಕೇರಳದ ಆರು ಪಥ ಕರ್ನಾಟಕದ ನಾಲ್ಕು ಪಥಕ್ಕೆ ಸಪೂರವಾಗುತ್ತದೆ, ಅಲ್ಲೇ ಟೋಲ್‌ಗೇಟ್, ಮುಂದೆ ತೊಕ್ಕೊಟ್ಟು, ನೇತ್ರಾವತಿ ಸೇತುವೆ, ಪಂಪ್‌ವೆಲ್. ಆರು ಪಥದಲ್ಲಿ ಅರ್ಧ ಗಂಟೆ ಉಳಿಸಿದ್ದು ಕೊನೆಯ ಹದಿನೈದು ಕಿಲೋಮೀಟರಿನಲ್ಲಿ ಹೋಗಿಬಿಡುತ್ತದೆ. ದೇರಳಕಟ್ಟೆಯ ಆಸ್ಪತ್ರೆಗಳಿಗೆ ಹೋಗುವ ವರ್ಕಾಡಿ ಕಡೆಯವರು ಅದಕ್ಕೇ ಮುಡಿಪು ದಾರಿ ಹಿಡಿಯುತ್ತಾರೆ. ಪೆರ್ಲದವರು ಅಡ್ಕಸ್ಥಳ, ಸಾರಡ್ಕ, ವಿಟ್ಲದ ಮೂಲಕ ಕಲ್ಲಡ್ಕಕ್ಕೆ, ಮುಳ್ಳೇರಿಯ ಕಡೆಯವರು ಜಾಲ್ಸೂರಿಗೆ. ಈ ಒಳದಾರಿಗಳಲ್ಲಿ ರಾಜ್ಯ ಬದಲಾದದ್ದು ಬೋರ್ಡು ನೋಡದೆಯೂ ಗೊತ್ತಾಗುತ್ತದೆ. ಒಂದು ಬದಿಯ ಡಾಮರು ಹೊಸತು, ಇನ್ನೊಂದು ಬದಿಯದ್ದು ಹಳತು, ನಡುವೆ ನಾಲ್ಕು ಬೆರಳಿನ ಮೆಟ್ಟು. ಎರಡು ಟೆಂಡರ್, ಎರಡು ಇಲಾಖೆ, ಆ ಕೊನೆಯ ಹತ್ತು ಮೀಟರ್ ಇಬ್ಬರದ್ದೂ ಅಲ್ಲ.

ಟೋಲಿನ ಬಗ್ಗೆ ಇಲ್ಲಿನ ಜನರ ಸಿಟ್ಟಿಗೂ ಲೆಕ್ಕವಿದೆ. 2008ರ ಶುಲ್ಕ ನಿಯಮದಲ್ಲಿ ಒಂದೇ ಹೆದ್ದಾರಿಯ ಎರಡು ಟೋಲ್‌ಗೇಟುಗಳ ನಡುವೆ ಸಾಮಾನ್ಯವಾಗಿ 60 ಕಿ.ಮೀ. ಅಂತರ ಇರಬೇಕು, ವಿನಾಯಿತಿಗೆ ಕಾರಣ ಬರೆದಿಡಬೇಕು. ಕುಂಬಳೆ ಬಳಿಯ ಆರಿಕ್ಕಾಡಿಯ ಗೇಟು ತಲಪಾಡಿಯಿಂದ ಇಪ್ಪತ್ತಮೂರು ಕಿ.ಮೀ. ಒಳಗೇ ಇದೆ. ಕುಂಬಳೆಯ ರೋಗಿ ಮಂಗಳೂರಿಗೆ ಹೋಗುವ ಒಂದೇ ದಾರಿಯಲ್ಲಿ ಎರಡು ಗೇಟು. ಜನ ಪ್ರತಿಭಟನೆಗೆ ರಸ್ತೆಗಿಳಿದದ್ದು ಅದಕ್ಕೆ.

ದೂರು ಕೊಡುವುದಾದರೆ ಮೊದಲು ಮಾರ್ಗ ಯಾರದ್ದೆಂದು ತಿಳಿಯಿರಿ. ಕಿಲೋಮೀಟರ್ ಕಲ್ಲಿನ ತಲೆ ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ. ಹೆದ್ದಾರಿಗೆ 1033 ಸಂಖ್ಯೆ ಮತ್ತು ರಾಜಮಾರ್ಗ ಯಾತ್ರಾ ಆ್ಯಪ್, ಕೇರಳ ಲೋಕೋಪಯೋಗಿ ಮಾರ್ಗಕ್ಕೆ ಪಿಡಬ್ಲ್ಯುಡಿ ಫೋರ್ ಯು ಆ್ಯಪ್. ಸಣ್ಣ ಮಾರ್ಗವಾದರೆ ನೇರ ಪಂಚಾಯತು. ‘ರಸ್ತೆ ಹಾಳಾಗಿದೆ’ ಎಂದು ಬರೆದರೆ ಉತ್ತರ ಬರುವುದಿಲ್ಲ. ಹತ್ತಿರದ ಕಲ್ಲಿನ ಸಂಖ್ಯೆ, ಯಾವ ಬದಿ, ಹೊಂಡದ ಉದ್ದ ಆಳ, ದಿನಾಂಕ ಇರುವ ಫೋಟೋ, ನೀರು ಎಲ್ಲಿಂದ ಬರುತ್ತದೆ ಎಂಬ ಒಂದು ಸಾಲು, ಇಷ್ಟು ಇರಲಿ. ಕಾಮಗಾರಿಯ ಫಲಕ ನೆಟ್ಟಿದ್ದರೆ ಅದರ ಫೋಟೋವನ್ನೂ ಸೇರಿಸಿ, ಗುತ್ತಿಗೆದಾರನ ದುರಸ್ತಿ ಹೊಣೆ ಯಾವಾಗ ಮುಗಿಯುತ್ತದೆಂಬುದು ಅದರಿಂದ ಸಿಗುತ್ತದೆ.

ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯಲ್ಲಿ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ತಮ್ಮ ಭಾಷೆಯಲ್ಲೇ ವ್ಯವಹರಿಸುವ ಹಕ್ಕಿದೆ. ಆ ಹಕ್ಕು ತಾತ್ಕಾಲಿಕ ಫಲಕಗಳಿಗೆ ಇನ್ನೂ ಇಳಿದಿಲ್ಲ. ‘ಮುಂದೆ ದಾರಿ ಮುಚ್ಚಿದೆ, ಎಡಕ್ಕೆ ತಿರುಗಿ’ ಎಂಬುದು ಎಷ್ಟೋ ಕಡೆ ಮಲಯಾಳ ಮತ್ತು ಇಂಗ್ಲಿಷಿನಲ್ಲಷ್ಟೇ ಇರುತ್ತದೆ. ಬದಿಯಡ್ಕದ ಒಳಗಿನಿಂದ ರಾತ್ರಿ ಹೆರಿಗೆ ಕೇಸು ಹತ್ತಿಸಿಕೊಂಡು ಬರುವ ಜೀಪಿನವನಿಗೆ ಆ ಒಂದು ಸಾಲು ಕನ್ನಡದಲ್ಲೂ ಬೇಕು.