ಕಂಪೈಲರಿಗೆ ಷರತ್ತು, ಬಳಸುವವರಿಗೆ ವಿನಾಯಿತಿ

ಪ್ರಿಯ ಓದುಗರೆ,

ಇಬ್ಬರು ಗೆಳೆಯರೊಂದಿಗೆ ಸೇರಿ ಹೊಸದೊಂದು ಪ್ರೋಗ್ರಾಮಿಂಗ್ ಭಾಷೆ ಕಟ್ಟಿದ್ದೀರಿ. ಅದನ್ನು ಜಿಪಿಎಲ್ ಅಡಿಯಲ್ಲಿ, ಅಂದರೆ ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಬಹುದಾದ, ಆದರೆ ಹಂಚುವಾಗ ಮೂಲ ಕೋಡನ್ನೂ ಅದೇ ಷರತ್ತಿನಲ್ಲಿ ಕೊಡಬೇಕಾದ ಲೈಸೆನ್ಸಿನಲ್ಲಿ, ಹೊರತರಬೇಕೆಂಬುದು ನಿಮ್ಮ ಆಸೆ. ‘ಹಾಗೆ ಮಾಡಿದರೆ ಈ ಭಾಷೆಯಲ್ಲಿ ಬರೆದ ಪ್ರತಿ ಪ್ರೋಗ್ರಾಮಿನ ಕೋಡನ್ನೂ ಬಿಚ್ಚಿಡಬೇಕಾಗುತ್ತದೆ, ಯಾರೂ ಹತ್ತಿರ ಸುಳಿಯುವುದಿಲ್ಲ’ ಎಂಬುದು ಗೆಳೆಯರ ತಕರಾರು. ಯಾರು ಸರಿ ಎಂದು ಕೇಳಿದ್ದೀರಿ. ನನ್ನ ಮತ ನಿಮಗೇ. ಆದರೆ ಗೆಳೆಯರ ಭಯಕ್ಕೂ ಒಂದು ಕಡೆ ಆಧಾರವಿದೆ.

ಕಂಪೈಲರ್ (ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ತರುವ ಸಾಧನ) ಜಿಪಿಎಲ್‌ನಲ್ಲಿದ್ದ ಮಾತ್ರಕ್ಕೆ ಅದರಿಂದ ಹೊರಬಂದದ್ದೆಲ್ಲ ಜಿಪಿಎಲ್‌ಗೆ ಸೇರುವುದಿಲ್ಲ. ಹೊರಬಂದದ್ದರಲ್ಲಿ ನಿಮ್ಮ ಕೋಡೇ ಬೆರೆತಿದ್ದರೆ ಮಾತ್ರ ಷರತ್ತು ಅಂಟಿಕೊಳ್ಳುತ್ತದೆ. ತೊಡಕಿರುವುದು ಇಲ್ಲೇ. ಪರದೆಯ ಮೇಲೆ ಒಂದು ಸಾಲು ಮೂಡಿಸುವ ಪ್ರೋಗ್ರಾಂ ಬರೆದು ಕಂಪೈಲ್ ಮಾಡಿ ನೋಡಿ. ಬರೆದವರದು ಒಂದೇ ಸಾಲು. ಆದರೆ ಅಕ್ಷರ ಮೂಡಿಸುವ, ಮೆಮೊರಿ ಹಂಚುವ, ಎಡವಟ್ಟಾದರೆ ಸಂದೇಶ ಕೊಡುವ ನಿಮ್ಮ ರನ್‌ಟೈಮ್ ಲೈಬ್ರರಿಯ ತುಣುಕುಗಳೂ ಆ ಫೈಲಿನೊಳಗೆ ಬಂದು ಕೂತಿರುತ್ತವೆ. ಆ ಲೈಬ್ರರಿಗೂ ಬರೀ ಜಿಪಿಎಲ್ ಹಾಕಿದರೆ, ಒಂದು ಸಾಲು ಬರೆದವರೂ ತಮ್ಮ ಪ್ರೋಗ್ರಾಮನ್ನು ಹಂಚುವಾಗ ಅದೇ ಷರತ್ತಿಗೆ ಒಳಪಡಬೇಕಾಗುತ್ತದೆ.

ಕೋಡು ಎಲ್ಲರಿಗೂ ತೆರೆದಿರುವ ಸ್ವತಂತ್ರ ತಂತ್ರಾಂಶ ಕಟ್ಟುವ ಗ್ನೂ ಯೋಜನೆಯ ಬೈಸನ್‌ನಲ್ಲಿ ಇದೇ ಆಗಿತ್ತು. ಭಾಷೆಯ ವ್ಯಾಕರಣ ಕೊಟ್ಟರೆ, ಬರೆದದ್ದನ್ನು ಅದಕ್ಕೆ ತಕ್ಕಂತೆ ಬಿಡಿಸಿ ಓದುವ ಪಾರ್ಸರ್ ಎಂಬ ಪ್ರೋಗ್ರಾಮನ್ನು ಬರೆದುಕೊಡುವ ಸಾಧನ ಅದು. ಅದರದೇ ಕೋಡು ಪ್ರತಿ ಪಾರ್ಸರಿಗೂ ಇಳಿಯುತ್ತಿದ್ದುದರಿಂದ ಮೊದಮೊದಲು ಆ ಪಾರ್ಸರ್‌ಗಳನ್ನು ಸ್ವತಂತ್ರ ತಂತ್ರಾಂಶದಲ್ಲಷ್ಟೇ ಬಳಸಬಹುದಿತ್ತು. ಆಮೇಲೆ, ಒಳಗೆ ಬೆರೆತ ಆ ಕೋಡಿನಿಂದಾಗಿ ಬಳಸಿದವರ ಪ್ರೋಗ್ರಾಮಿಗೆ ಷರತ್ತು ಅಂಟದು ಎಂಬ ವಿನಾಯಿತಿ ಸೇರಿಸಿದರು. ಗ್ನೂ ಯೋಜನೆಯದೇ ಕಂಪೈಲರ್ ಆದ ಜಿಸಿಸಿಯದೂ ಅದೇ ದಾರಿ: ಕಂಪೈಲರಿಗೆ ಪೂರಾ ಜಿಪಿಎಲ್, ರನ್‌ಟೈಮಿಗೆ ಜಿಪಿಎಲ್ ಜೊತೆ ವಿನಾಯಿತಿ. 2006ರಲ್ಲಿ ಜಾವಾವನ್ನು ಜಿಪಿಎಲ್‌ಗೆ ತರುವುದಾಗಿ ಸನ್ ಕಂಪನಿ ಘೋಷಿಸಿದಾಗಲೂ ಪ್ರೋಗ್ರಾಮಿನೊಂದಿಗೆ ಬೆರೆಯುವ ಕ್ಲಾಸ್ ಲೈಬ್ರರಿಗಳಿಗೆ ಇಂಥದೇ ‘ಕ್ಲಾಸ್‌ಪಾತ್’ ವಿನಾಯಿತಿ ಇತ್ತು. ಜಾವಾದಲ್ಲಿ ಬರೆದದ್ದನ್ನು ಗುಟ್ಟಾಗಿಡಲು ಯಾರಿಗೂ ಅಡ್ಡಿಯಾಗಲಿಲ್ಲ.

ಇಷ್ಟೆಲ್ಲ ಯಾಕೆ, ಕೋಡು ತೆರೆದಿಡಬೇಕೆಂಬ ಷರತ್ತಿಲ್ಲದ ಎಂಐಟಿ ಲೈಸೆನ್ಸ್ ಹಾಕಿ ಸುಮ್ಮನಾಗೋಣ ಎಂದು ಗೆಳೆಯರು ಹೇಳಬಹುದು. ಗೋ, ರಸ್ಟ್ ಭಾಷೆಗಳು ಸಡಿಲ ಲೈಸೆನ್ಸಿನಲ್ಲೇ ಬೆಳೆದವು, ನಿಜ. ಆದರೆ ಅವುಗಳ ಬೆನ್ನಿಗೆ ಗೂಗಲ್, ಮೊಜಿಲ್ಲಾ ಇದ್ದವು. ನೀವು ಮೂವರೇ. ನಾಳೆ ದೊಡ್ಡ ಕಂಪನಿಯೊಂದು ನಿಮ್ಮ ಕಂಪೈಲರನ್ನು ಎತ್ತಿಕೊಂಡು, ಅದರ ವೇಗ ಹೆಚ್ಚಿಸಿ, ಆ ಸುಧಾರಣೆಯನ್ನು ಮುಚ್ಚಿಟ್ಟು ಮಾರಿದರೆ ಬಳಕೆದಾರರೆಲ್ಲ ಅತ್ತ ಹೋಗುತ್ತಾರೆ. ನಿಮ್ಮದೇ ಭಾಷೆಯ ಮುಂದಿನ ರೂಪದಲ್ಲಿ ಏನಿದೆಯೆಂದು ನೋಡುವ ಹಕ್ಕೂ ನಿಮಗಿರುವುದಿಲ್ಲ. ಇದನ್ನು ತಡೆಯುವುದು ಕಾಪಿಲೆಫ್ಟ್, ಅಂದರೆ ಬದಲಿಸಿ ಹಂಚಿದವರೂ ಕೋಡನ್ನು ತೆರೆದಿಡಬೇಕೆಂಬ ಜಿಪಿಎಲ್ ಬಗೆಯ ಷರತ್ತು, ಒಂದೇ. ನೆಕ್ಸ್ಟ್ ಎಂಬ ಕಂಪ್ಯೂಟರ್ ಕಂಪನಿ ಜಿಸಿಸಿಗೆ ಆಬ್ಜೆಕ್ಟಿವ್-ಸಿ ಭಾಷೆಯನ್ನು ಜೋಡಿಸಿದಾಗ ಆ ಭಾಗವನ್ನು ತನ್ನಲ್ಲೇ ಇಟ್ಟುಕೊಳ್ಳಲು ನೋಡಿತ್ತು. ಜಿಪಿಎಲ್ ಬಿಡಲಿಲ್ಲ, ಕೋಡು ಹೊರಬಂತು, ಜಿಸಿಸಿಯ ಭಾಗವೇ ಆಯಿತು.

ಆದರೆ ಕಾಪಿಲೆಫ್ಟ್ ಕಾಯುವುದು ನಿಮ್ಮ ಕೋಡನ್ನು, ಭಾಷೆಯನ್ನಲ್ಲ. ಅದೇ ವ್ಯಾಕರಣಕ್ಕೆ ಬೇರೆಯವರು ಮೊದಲಿನಿಂದ ಕಂಪೈಲರ್ ಬರೆದರೆ ತಡೆಯಲಾಗದು. ಪ್ರೋಗ್ರಾಮಿನ ಕೋಡಿಗಿರುವ ಬಗೆಯ ಕೃತಿಸ್ವಾಮ್ಯ ಪ್ರೋಗ್ರಾಮಿಂಗ್ ಭಾಷೆಗಿಲ್ಲವೆಂದು ಯೂರೋಪಿನ ನ್ಯಾಯಾಲಯ 2012ರಲ್ಲೇ ಹೇಳಿದೆ. ಅದು ಹಾಗೇ ಇರಬೇಕಾದದ್ದು ಕೂಡ.

ವಿನಾಯಿತಿಯ ಒಕ್ಕಣೆಯನ್ನು ನೀವೇ ಹೊಸೆಯಲು ಹೋಗಬೇಡಿ. ಬಳಕೆಯಲ್ಲಿರುವುದನ್ನೇ ಆಧಾರವಾಗಿಟ್ಟುಕೊಂಡು ಬಲ್ಲ ವಕೀಲರೊಬ್ಬರಿಗೆ ತೋರಿಸಿ. ಇದೆಲ್ಲ ಮೊದಲ ಆವೃತ್ತಿಗೆ ಮುಂಚೆಯೇ ಮುಗಿಯಲಿ. ಈಗ ಮೂವರು ಒಪ್ಪಿದರೆ ಸಾಕು. ಹೊರಗಿನವರ ಕೋಡು ಸೇರತೊಡಗಿದ ಮೇಲೆ ಲೈಸೆನ್ಸ್ ಬದಲಿಸಬೇಕೆಂದರೆ, ಮೊದಲೇ ಬರಹದಲ್ಲಿ ಒಪ್ಪಂದ ಮಾಡಿಕೊಂಡಿರದಿದ್ದರೆ, ಒಬ್ಬೊಬ್ಬರನ್ನೂ ಹುಡುಕಿ ಒಪ್ಪಿಗೆ ಕೇಳಬೇಕಾಗುತ್ತದೆ.

- ಸಂಪಾದಕ